ಖಣದ ಚೀಲದಲ್ಲಿ ಸಂತ್ರಾ ಬಿಲ್ಲೆ

ನಾನು ಬೈಲಹೊಂಗಲದಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಮಶೀನು, ಕಿಟಕಿಯ ಕೆಳಗೆ ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಜಂಪರುಗಳು, ಅಂದರೆ ರವಿಕೆಗಳು. ಮದುವೆಯ ಹಂಗಾಮು ಬಂತೆಂದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಮನೆಯವರು ದನದ ದವಾಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬೆಳಗಾಗುತ್ತಲೇ ದೊಡವಾಡದ ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆಗೆ. ಹಗಲೆಲ್ಲ ನಾನು ಮತ್ತು ನನ್ನ ಮಶೀನು.

ಹೋದ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ರಾಮದುರ್ಗದ ತಂಗಿಯ ಮನೆಗೆ ಹೋಗಿ ಬರುತ್ತಿದ್ದೆ. ನಮ್ಮೂರ ನಿಲ್ದಾಣದಲ್ಲಿ ಇಳಿಯುವಾಗ ಬಸ್ಸಿನ ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿತು. ಬೀಳುವಾಗ ಬಲಗೈ ಊರಿಬಿಟ್ಟೆ. ಕೆಳಗೆ ಕೂತವಳಿಗೆ ನೋವಿಗಿಂತ ಮೊದಲು ಹೊಳೆದದ್ದು, ಮನೆಯಲ್ಲಿ ಕತ್ತರಿಸಿಟ್ಟ ಬಟ್ಟೆಗಳ ಗಂಟು. ಮಣಿಕಟ್ಟಿನ ಎಲುಬು ಮುರಿದಿದೆ ಅಂದರು ಡಾಕ್ಟರು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು ಬಿತ್ತು.

ಒಂದು ಕೈ ಕೂತರೆ ಸಂಸಾರ ಹೇಗೆ ನಿಂತುಬಿಡುತ್ತದೆ ಎಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು. ಸೀರೆ ಉಡಲಾಗಲಿಲ್ಲ, ಹಿಟ್ಟು ನಾದಲಾಗಲಿಲ್ಲ. ಸೋಪಿನ ನೊರೆ ತೊಳೆದುಕೊಳ್ಳುವುದೂ ಒಂದು ದೊಡ್ಡ ಕೆಲಸವಾಯಿತು. ನಮ್ಮ ಮನೆಯವರು ಬೆಳಿಗ್ಗೆ ಬೇಗ ಎದ್ದು ಅನ್ನ, ಸಾರು ಮಾಡಿಟ್ಟು, ನನ್ನನ್ನು ಮುಂದೆ ಕೂರಿಸಿಕೊಂಡು ಹೆರಳು ಹಾಕಿ ಕೆಲಸಕ್ಕೆ ಹೋಗುತ್ತಿದ್ದರು. ದನ ಕಟ್ಟಿ, ಹಗ್ಗ ಎಳೆದು ರೂಢಿಯಾದ ಕೈ ಅದು. ಅವರು ಹಾಕಿದ ಹೆರಳಿಗೆ ನನ್ನ ಹುಬ್ಬುಗಳೂ ಮೇಲೆ ಸರಿದಂತೆ ಅನಿಸುತ್ತಿತ್ತು.

"ಸ್ವಲ್ಪ ಸಡ್ಲ ಹಾಕ್ರಿ," ಅಂದೆ ಒಂದು ದಿನ.

"ಸಡ್ಲ ಹಾಕಿದ್ರ ಮಧ್ಯಾಹ್ನಕ್ಕ ಬಿಚ್ಚಿ ಹೊಕ್ಕೈತಿ. ಮತ್ತ ಯಾರ್ ಹಾಕವ್ರು?" ಅಂದರು ಅವರು. ಅದೂ ನಿಜವೇ.

ನಮ್ಮೆದುರು ಮನೆಯಲ್ಲಿ ಒಬ್ಬ ವಯಸ್ಸಾದ ಆಯಿ ಇದ್ದಾರೆ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ತುಂಬಿದ ಒಕ್ಕಲುತನದ ಮನೆ. ನಾವು ಕೇರಿಯಿಂದ ಬಂದ ಬೌದ್ಧರು, ನಮ್ಮ ಒಳಕೋಣೆಯಲ್ಲಿ ಬುದ್ಧನ ಪಟ ಇದೆ. ಈ ಓಣಿಗೆ ಬಂದು ಮನೆ ಮಾಡಿದ ದಿನದಿಂದ ಆಯಿಯ ಜಂಪರು ಹೊಲಿಯುತ್ತಿದ್ದವಳು ನಾನೇ. ತೋಳು ಮೊಣಕೈ ಮುಟ್ಟಬೇಕು, ಬಗಲು ಸಡಿಲ ಇರಬೇಕು, ಗುಂಡಿ ಮುಂದೆಯೇ ಇರಬೇಕು. ಆದರೆ ಆಯಿ ಎಂದೂ ನಮ್ಮ ಹೊಸ್ತಿಲು ದಾಟಿದವರಲ್ಲ. ಹೊರಗಿನ ಕಲ್ಲಿನ ಮೇಲೆ ನಿಂತು ಅಲ್ಲಿಂದಲೇ ಬಟ್ಟೆ ಚಾಚುತ್ತಿದ್ದರು. "ಬರ್ರಿ ಆಯಿ, ಒಳಗ ಕುಂಡ್ರ ಬರ್ರಿ," ಅಂದರೆ ಮಳೆಗಾಲದಲ್ಲಿ "ಕಾಲ ಕೆಸರಾಗ್ಯಾವಬೇ," ಬೇಸಿಗೆಯಲ್ಲಿ "ಒಲಿ ಮ್ಯಾಲ ಹಾಲಿಟ್ಟ ಬಂದೇನಿ." ಮಾತಿನಲ್ಲಿ ಒರಟುತನ ಇರುತ್ತಿರಲಿಲ್ಲ. ಕಾರಣ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಏನೆಂದು ಕೇಳುವುದು? ನಾನೂ ಅವರ ಮನೆಯ ಕಟ್ಟೆಯವರೆಗೆ ಹೋಗಿ ಜಂಪರು ಕೊಟ್ಟು ಬರುತ್ತಿದ್ದೆ. ಹೀಗೇ ವರ್ಷಗಳು ಹೋಗಿದ್ದವು.

ಪ್ಲಾಸ್ಟರು ಹಾಕಿದ ಮರುದಿನ ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಎಡಗೈಯಲ್ಲಿ ಅನ್ನ ಎತ್ತಲು ಹೆಣಗುತ್ತಿದ್ದೆ. ಅರ್ಧ ಅನ್ನ ನೆಲದ ಮೇಲೆ, ಅರ್ಧ ಮಡಿಲಲ್ಲಿ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಆಯಿ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಒಂದು ಬಟ್ಟಲಲ್ಲಿ ಪುಂಡಿ ಪಲ್ಲೆ. ಎದ್ದೇಳಲು ಹೋದೆ.

"ನೀ ಏಳಬ್ಯಾಡ, ಕುಂಡ್ರು," ಅನ್ನುತ್ತ ಅವರು ಒಳಗೇ ಬಂದರು. ನಡುವಿನ ಕೋಣೆ ದಾಟಿ ಅಡುಗೆಮನೆಗೆ ಹೋಗಿ, ತಾವೇ ಹುಡುಕಿ ಒಂದು ತಟ್ಟೆ ತಂದರು. ನನ್ನ ಮುಂದೆ ಕಾಲು ಮಡಿಚಿ ಕೂತು ರೊಟ್ಟಿ ಮುರಿದು ಪಲ್ಲೆ ಹಚ್ಚಿ ತುತ್ತು ಮಾಡಿದರು.

"ಎಡಗೈಲೆ ಹೆಂಗ ಉಣ್ತೀ? ಬಾಯಿ ತೆರಿ."

ನಾನು ಮಡಿಲಲ್ಲಿ ಬಿದ್ದ ಅನ್ನದ ಅಗುಳು ಆರಿಸತೊಡಗಿದೆ.

"ತೆರಿಬೇ. ನಂದೂ ಕೈ ಮುರದಿತ್ತು, ಲಗ್ನಾಗಿ ಬಂದ ಹೊಸದಾಗ. ತುಂಬಿದ ಮನಿ ಇದ್ರೂ ಯಾರೂ ನನಗ ಉಣಿಸಲಿಲ್ಲ. ಎಷ್ಟ ತ್ರಾಸ ಆಕ್ಕೈತಿ ಅಂತ ನನಗ ಗೊತ್ತೈತಿ."

ಬಾಯಿ ತೆರೆದು ತುತ್ತು ತೆಗೆದುಕೊಂಡೆ. ಕಣ್ಣಲ್ಲಿ ನೀರು ಬಂತು.

"ಖಾರಾತೇನು?" ಅಂದರು ಆಯಿ.

"ಹೂಂ ಆಯಿ, ಸ್ವಲ್ಪ ಖಾರ ಆಗೈತ್ರಿ," ಅಂದೆ. ಪಲ್ಲೆ ಖಾರವಾಗಿರಲಿಲ್ಲ.

ಪ್ಲಾಸ್ಟರು ಇರುವವರೆಗೂ ಆಯಿ ಬಂದರು. ಒಮ್ಮೊಮ್ಮೆ ಹಿರೇ ಸೊಸೆಯ ಕೈಯಲ್ಲಿ ಬುತ್ತಿ ಕಳಿಸಿದರೂ ಸಂಜೆ ಒಮ್ಮೆ ತಾವು ಬಂದು ಮಶೀನಿನ ಹತ್ತಿರದ ಸ್ಟೂಲಿನ ಮೇಲೆ ಕೂತು ಓಣಿಯ ಸುದ್ದಿ ಹೇಳಿ ಹೋಗುತ್ತಿದ್ದರು. ಹೊಸ್ತಿಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪ್ಲಾಸ್ಟರು ಬಿಚ್ಚಿದ ದಿನ ಕೈ ನನ್ನದಲ್ಲ ಅನಿಸಿತು. ತೆಳ್ಳಗಾಗಿ, ಬಿಳಚಿಕೊಂಡು, ಬೆರಳುಗಳೆಲ್ಲ ಒಣಕಟ್ಟಿಗೆಯಂತಾಗಿದ್ದವು. ಕತ್ತರಿಯಲ್ಲಿ ಬೆರಳು ತೂರಿಸಿದರೆ ಅದು ತೆರೆಯಲೇ ಇಲ್ಲ. ವ್ಯಾಯಾಮ ಹೇಳಿಕೊಡಲು ಕಿತ್ತೂರಿನಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹುಡುಗಿ ಪ್ಲಾಸ್ಟರು ಹಾಕಿದ ದವಾಖಾನೆಯಲ್ಲಿದ್ದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಾಗಿಸುವಾಗ ಎಲ್ಲಿ ನೋವೆಂದು ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಸ್ಪಂಜಿನ ಚೆಂಡು ಕೊಟ್ಟು ಮನೆಯಲ್ಲಿ ಒತ್ತಲು ಹೇಳಿದಳು. ಒತ್ತಿದೆ. ಮನಸ್ಸು ಬರಲಿಲ್ಲ. ಚೆಂಡು ಒತ್ತುತ್ತ ಕೂತವಳ ಎದುರಿಗೇ ಗಿರಾಕಿಗಳು ಬಂದು ತಮ್ಮ ಬಟ್ಟೆ ತಿರುಗಿ ಒಯ್ದರು. ಅವರದ್ದೇನೂ ತಪ್ಪಿಲ್ಲ; ಹಬ್ಬ, ಮದುವೆ ನನ್ನ ಕೈಗಾಗಿ ನಿಲ್ಲುತ್ತವೆಯೇ?

ಚಚಡಿಯ ಒಬ್ಬ ತಾಯಿ ಮಾತ್ರ ಒಯ್ಯಲಿಲ್ಲ. ಮಗಳ ಮದುವೆಯ ಜಂಪರುಗಳ ಬಟ್ಟೆ ನನ್ನ ಹತ್ತಿರ ಇತ್ತು. ನಾನೇ ಗಂಟು ಕಟ್ಟಿ ಮುಂದಿಟ್ಟೆ. ಅವರು ಅದನ್ನು ತಿರುಗಿ ಮೇಜಿನ ಮೇಲಿಟ್ಟರು.

"ಲಗ್ನ ಶಿವರಾತ್ರಿ ಆದಮ್ಯಾಲೆ ಐತ್ರಿ ಅಕ್ಕಾರ. ಅಲ್ಲೀತನಕ ನಿಮ್ಮ ಕೈ ಛಲೋ ಆಕ್ಕೈತಿ. ನನ್ನ ಮಗಳು ನಿಮ್ಮ ಹೊಲಿಗೀನ ಬೇಕಂತಾಳ," ಅಂದರು.

ಆಗದಿದ್ದರೆ ಏನು ಗತಿ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ನನ್ನ ಮುಖ ನೋಡಿಯೋ ಏನೋ, ಕಿತ್ತೂರಿನ ಹುಡುಗಿ ಒಂದು ದಿನ ಅಂದಳು: "ಅಕ್ಕಾರ, ಚೆಂಡು ಬ್ಯಾಸರಾಗಿದ್ರ ಬಿಡ್ರಿ. ನಿಮಗ ಮನಸ್ಸ ಹತ್ತೂ ಅಂಥಾ ಸಣ್ಣ ಕೆಲಸ ಏನರ ಮಾಡ್ರಿ. ತೆಳ್ಳಗ ಹೆಚ್ಚೂದು, ಹಸನ ಮಾಡೂದು, ಪೋಣಸೂದು. ಬೆರಳ ಆಡಿದ್ರ ಸಾಕು."

ಅದೇ ವಾರ ರಾಮದುರ್ಗದಿಂದ ತಂಗಿ, ಸಂಕ್ರಮಣ ಮುಗಿಸಿಯೇ ಹೋಗುತ್ತೇನೆಂದು ಬಂದಳು. ಕೈಯಲ್ಲಿ ಒಂದು ದೊಡ್ಡ ಚೀಲ ತುಂಬ ಸಂತ್ರಾ, ಅಂದರೆ ಕಿತ್ತಳೆ ಹಣ್ಣು. ನನ್ನ ತಂಗಿಗೆ ಮೊಬೈಲಿನ ಹುಚ್ಚು. ಒಲೆ ಮೇಲೆ ಪಲ್ಯ ಹೊತ್ತಿದರೂ ನೋಡುತ್ತಿದ್ದ ವಿಡಿಯೋ ಬಿಡುವವಳಲ್ಲ. ಬಂದು ಚಹಾ ಕುಡಿದವಳೇ ಮೊಬೈಲು ನನ್ನ ಮುಖದ ಮುಂದೆ ಹಿಡಿದಳು. ಪರದೆಯ ಮೇಲೆ ಒಂದು ಪಾತ್ರೆ, ಕುದಿಯುವ ನೀರಲ್ಲಿ ಒಣಗಿದ ಸಂತ್ರಾ ಬಿಲ್ಲೆಗಳು, ದಾಲ್ಚಿನ್ನಿ, ಲವಂಗ.

"ಏನಿದು, ಕಷಾಯೇನ?" ಅಂದೆ.

"ಕಷಾಯ ಅಲ್ಲಕ್ಕಾ. ಇದನ್ನ ಕುಡಿಯೂದಲ್ಲ, ಮೂಸೂದು. ಒಲಿ ಮ್ಯಾಲ ಸಣ್ಣಗ ಕುದಿಯಾಕ ಇಟ್ರ ಮನಿ ತುಂಬ ಘಮ್ ಅಂತೈತಿ. ಜಾರ್ ತುಂಬಿ ಮಂದಿಗೆ ಕಾಣಿಕಿ ಕೊಡ್ತಾರ."

"ಮೂಸಾಕ ಗ್ಯಾಸ್ ಸುಡೂದು?"

"ಊದಿನಕಡ್ಡಿ ಸುಡೂದಿಲ್ಲೇನ ನೀ? ಹಂಗ ಇದೂ."

ನಾನು ನಕ್ಕೆ. ಆದರೆ ಕಾಣಿಕೆ ಅನ್ನುವ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ಕಡೆ ಯಾರೂ ಯಾರಿಗೂ ಧನ್ಯವಾದ ಅನ್ನುವುದಿಲ್ಲ. ಆಯಿಯ ಮುಂದೆ ನಿಂತು ಹಾಗಂದರೆ "ಹುಚ್ಚ ಹಿಡದೈತೇನ ಇಕಿಗೆ," ಅಂದಾರು. ಉಂಡ ಅನ್ನಕ್ಕೆ ಬೆಲೆ ಕಟ್ಟಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೆ ಸಂಕ್ರಮಣ ಹತ್ತಿರ ಬಂದಿತ್ತು. ಹಬ್ಬಕ್ಕೆ ಎಳ್ಳು ಕೊಡುವ ನೆಪದಲ್ಲಿ ಇದನ್ನೂ ಕೊಡಬಹುದಲ್ಲ ಅನಿಸಿತು. ಹೆಚ್ಚುವ ಕೆಲಸ ಹೇಗೂ ನನ್ನ ಬೆರಳಿಗೆ ಬೇಕಾಗಿತ್ತು.

ಚಾಕು ಹಿಡಿದು ಕೂತೆ. ಮೊದಲ ಹಣ್ಣು ಬಿಲ್ಲೆಯಾಗಲಿಲ್ಲ, ಚೂರಾಯಿತು. ಎರಡನೆಯದರ ಬಿಲ್ಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹಾಳೆಯಂತೆ. ತಂಗಿ ಕಸಿದುಕೊಳ್ಳಲು ಬಂದರೆ ನಾನು ಕೊಡಲಿಲ್ಲ. ಸಂಜೆಗೆ ಬೆರಳು ಸೆಳೆಯುತ್ತಿದ್ದವು, ಆದರೆ ಚೆಂಡು ಒತ್ತಿದ ದಿನದ ಬೇಸರ ಇರಲಿಲ್ಲ. ಹಳೆಯ ಪಂಜೆ ಹಾಸಿ ಮಾಳಿಗೆಯ ಮೇಲೆ ಒಣಹಾಕಿದೆವು. ಮರುದಿನವೇ ಮೋಡ ಹಿಡಿಯಿತು. ಬಿಸಿಲಿಲ್ಲದೆ ಬಿಲ್ಲೆಗಳು ಮೆತ್ತಗಾಗಿ, ಇರುವೆ ಮುತ್ತಿ, ಕೊನೆಗೆ ಬಿಳಿ ಬೂಷ್ಟು ಬಂತು.

"ಎದುರು ಮನಿ ಎಮ್ಮಿಗಿ ಹಾಕೂಣೇನ?" ಅಂದಳು ತಂಗಿ.

ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ನಮ್ಮ ಮನೆಯವರು ಅಲ್ಲಿಂದಲೇ ಕೂಗಿದರು: "ಬೂಷ್ಟ ಹಿಡದದ್ದ ಎಮ್ಮಿಗಿ ಹಾಕಬ್ಯಾಡ್ರಿ ಮಾರಾಯ್ತೇರ! ನಾಳೆ ಅದಕ್ಕೂ ನಾನ ಔಷಧ ಕೊಡಬೇಕಾಕ್ಕೈತಿ."

ಎಲ್ಲ ತಿಪ್ಪೆಗೆ ಹೋಯಿತು. ನನಗೆ ಇಷ್ಟಕ್ಕೇ ಸಾಕೆನಿಸಿತ್ತು. ತಂಗಿಗೆ ಅನಿಸಲಿಲ್ಲ. ಓಣಿಯ ತುದಿಯಲ್ಲಿ ಟೋಸ್ಟು, ಖಾರಿ ಮಾಡುವ ಬೇಕರಿ ಇದೆ. ಅವಳು ನನ್ನ ಎಡಗೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಅವರ ಕೆಲಸ ಮುಗಿದು ಭಟ್ಟಿ ಆರುತ್ತಿರುತ್ತದೆ. ಆ ಉಳಿದ ಕಾವಿನಲ್ಲಿ ನಮ್ಮ ಹಣ್ಣು ಒಣಗಿಸಿ ಕೊಡುತ್ತೀರಾ ಎಂದು ಕೇಳಿದಳು.

ಬೇಕರಿಯವರು ನಮ್ಮಿಬ್ಬರನ್ನೂ ನೋಡಿದರು. "ಇಷ್ಟ ವರ್ಷ ಆತು, ಭಟ್ಟ್ಯಾಗ ಸಂತ್ರಾ ಇಟ್ಟದ್ದು ನಾ ಎಲ್ಲೂ ನೋಡಿಲ್ಲ ನೋಡ್ರಿ."

"ನಾವೂ ನೋಡಿಲ್ರಿ ಅಣ್ಣಾರ. ಅದಕ್ಕ ನಿಮ್ಮ ಕಡೆ ಬಂದೇವಿ," ಅಂದಳು ತಂಗಿ.

ಅವರು ಜೋರಾಗಿ ನಕ್ಕುಬಿಟ್ಟರು. "ತರ್ರಿ ಹಂಗಾದ್ರ. ಆರೂ ಭಟ್ಟಿ ಹೆಂಗೂ ಖಾಲೀನ ಇರ್ತೈತಿ."

ಅಲ್ಲಿಂದ ದಿನಾ ಬೆಳಿಗ್ಗೆ ನಾನು ಹೆಚ್ಚುವುದು, ಮಧ್ಯಾಹ್ನ ಟ್ರೇಗಳಲ್ಲಿ ಹರಡಿ ಒಯ್ಯುವುದು. ಸಂತ್ರಾದ ಜೊತೆ ಸಫರಚಂದದ, ಅಂದರೆ ಸೇಬಿನ ಬಿಲ್ಲೆಗಳನ್ನೂ ಇಟ್ಟೆವು. ಮರುದಿನ ಮಗುಚಿ ಮತ್ತೆ ಇಟ್ಟರೆ ಗರಿಗರಿಯಾಗಿ ಒಣಗಿ ಬರುತ್ತಿದ್ದವು. ಮೊದಲ ಟ್ರೇ ಹೊರಬಂದಾಗ ಬೇಕರಿಯವರು ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪು ಕೇಸರಿ ಬಣ್ಣ, ಎಸಳಿನ ಗೆರೆಗಳೆಲ್ಲ ಆರಪಾರ ಕಾಣುತ್ತಿದ್ದವು. "ಹೊಸಾ ಬಿಸ್ಕೀಟ ಏನ ಮಾಡಾಕತ್ತೀರಿ ಅಂತ ಗಿರಾಕಿ ಕೇಳಾಕತ್ತಾರ್ರಿ," ಅಂದರು. ನಾವು ಕೊಡಬಂದ ದುಡ್ಡನ್ನು ಕೈಯಾಡಿಸಿಯೇ ಬೇಡವೆಂದರು.

ಬಿಲ್ಲೆಗಳು ದಿನದಿಂದ ದಿನಕ್ಕೆ ತೆಳ್ಳಗಾದವು. ನಾನದನ್ನು ಗಮನಿಸಿರಲಿಲ್ಲ. ಕಿತ್ತೂರಿನ ಹುಡುಗಿ ಕೈ ಹಿಡಿದು ಬಾಗಿಸುವಾಗ, "ಏನ ಮಾಡಾಕತ್ತೀರಿ ಅಕ್ಕಾರ? ಬೆರಳ ಮಾತ ಕೇಳಾಕತ್ತಾವಲ್ಲ!" ಅಂದಳು. ಅವಳು ನನ್ನ ಕೈ ಮೂಸಿ ನೋಡಿ ನಕ್ಕಳು. ಸಂತ್ರಾ ಸಿಪ್ಪೆಯ ವಾಸನೆ ಆ ದಿನಗಳಲ್ಲಿ ನನ್ನ ಕೈ ಬಿಟ್ಟು ಹೋಗುತ್ತಲೇ ಇರಲಿಲ್ಲ.

ತಂಗಿಗೆ ವಿಡಿಯೋದಲ್ಲಿದ್ದಂಥ ಗಾಜಿನ ಜಾರುಗಳೇ ಬೇಕಾಗಿದ್ದವು. ನನ್ನ ಟ್ರಂಕಿನಲ್ಲಿ ಜಂಪರು ಹೊಲಿದು ಉಳಿದ ಖಣದ ತುಂಡುಗಳು ಬೇಕಾದಷ್ಟಿದ್ದವು. ಹಸಿರು, ಕುಂಕುಮ, ನೀಲಿ, ಅಂಚಿಗೆ ಸಣ್ಣ ಕಡ್ಡಿಯಂಥ ಗೆರೆ. ಅವುಗಳಲ್ಲೇ ಚೀಲ ಹೊಲಿಯೋಣ ಅಂದೆ. ಹೇಳುವಾಗ ಹೇಳಿದೆ, ಆಮೇಲೆ ಮಶೀನಿನ ಮುಂದೆ ಕೂತಾಗ ಆಗುತ್ತದೋ ಇಲ್ಲವೋ ಅನಿಸಿತು. ಬಿದ್ದ ದಿನದಿಂದ ಅದರ ಮೇಲಿನ ಮುಸುಕು ತೆಗೆದಿರಲಿಲ್ಲ. ಎರಡು ಬೆರಳ ನಡುವೆ ಖಣ ಹಿಡಿದು ಸೂಜಿಯ ಕೆಳಗೆ ಸರಿಸಿದೆ. ಕಾಲು ಒತ್ತಿದೆ. ಹೊಲಿಗೆ ಹಾವು ಹರಿದಂತೆ ಹೋಯಿತು. ಬಿಚ್ಚಿ ಮತ್ತೆ ಹಾಕಿದೆ. ಕೈ ಬೇಡವೆಂದಾಗ ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಹಾಕಿದೆ. ಒಂದು ಚೀಲ ಆಗುವ ಹೊತ್ತಿಗೆ ಹಣೆ ಬೆವೆತಿತ್ತು. ಯಾವಾಗಲೂ ವಟವಟ ಅನ್ನುವ ತಂಗಿ ಚೀಲವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಚಹಾ ಇಡಲು ಎದ್ದು ಹೋದಳು.

ಚೀಲ ತುಂಬುವ ದಿನ ಇಬ್ಬರೂ ಸ್ವಲ್ಪ ಜಗಳಾಡಿದೆವು. ಸಂತ್ರಾ, ಸಫರಚಂದದ ಬಿಲ್ಲೆ, ದಾಲ್ಚಿನ್ನಿಯ ತುಂಡು, ಲವಂಗ, ಚಕ್ರಮೊಗ್ಗು, ಒಣಶುಂಠಿ, ನೆರಳಲ್ಲಿ ಒಣಗಿಸಿ ಅವಳು ತಂದಿದ್ದ ತನ್ನ ಹಿತ್ತಲಿನ ಗುಲಾಬಿಯ ಪಕಳೆಗಳು. ಇಷ್ಟಕ್ಕೆ ಇಬ್ಬರೂ ಒಪ್ಪಿದೆವು. ಮೇಲೆ ಎರಡು ಹನಿ ಅತ್ತರು ಹಾಕಬೇಕೆಂದು ಅವಳು. ಬೇಡವೇ ಬೇಡವೆಂದು ನಾನು.

"ಅತ್ತರ ಹಾಕಿದ್ರ ವಾಸನಿ ಭಾಳ ದಿನ ಇರ್ತೈತಕ್ಕಾ."

"ಹುಡುಗೂರಿರೂ ಮನಿಗಿ ಕೊಡೂದು. ದಾಲ್ಚಿನ್ನಿ, ಶುಂಠಿ ಕಂಡ್ರ ಯಾರರ ಬಾಯಾಗ ಹಾಕ್ಕೊಂಡಾರು. ಬ್ಯಾಡ."

ಅತ್ತರಿನ ಶೀಶೆ ಅವಳ ಚೀಲಕ್ಕೇ ಮರಳಿತು.

ಸಂಕ್ರಮಣದ ದಿನ ಕೊಡಲು ಹೊರಟೆವು. ಬೇಕರಿಯವರು ಚೀಲ ಮೂಸಿ, ಗಲ್ಲಾದ ಮೇಲಿನ ಮೊಳೆಗೆ ತೂಗುಹಾಕಿದರು. ಕಿತ್ತೂರಿನ ಹುಡುಗಿ ಒಳಗಿದ್ದದ್ದಕ್ಕಿಂತ ಚೀಲದ ಹೊಲಿಗೆಯನ್ನೇ ಹೆಚ್ಚು ಹೊತ್ತು ನೋಡಿದಳು. "ಇದನ್ನ ನೀವ ಹೊಲದೀರಿ? ಈ ಕೈಲೆ?" ಎಂದು ಎರಡು ಸಲ ಕೇಳಿ, ಒಳಗಿದ್ದ ಡಾಕ್ಟರಿಗೆ ತೋರಿಸಲು ಓಡಿದಳು.

ಕೊನೆಗೆ ಆಯಿಯ ಮನೆ. ಹಬ್ಬದ ದಿನ ಕಟ್ಟೆಯ ತುಂಬ ಬಂದುಹೋಗುವ ಜನ, ಮೊಮ್ಮಕ್ಕಳ ಗದ್ದಲ. ಕಟ್ಟೆಯ ಮೇಲೆ ನಿಂತು ಎಳ್ಳು ಕೊಟ್ಟೆ, ಕುಂಕುಮ ಬಣ್ಣದ ಚೀಲ ಕೊಟ್ಟೆ. "ಆಯಿ, ಇದನ್ನ ನೀರಾಗ ಸಣ್ಣಗ ಕುದಸ್ರಿ. ಮನಿ ತುಂಬ ವಾಸನಿ ಆಕ್ಕೈತಿ," ಅಂದೆ. ಆಯಿ ಒಂದು ಕಿವಿ ನನ್ನ ಕಡೆ, ಒಂದು ಕಿವಿ ಬಂದವರ ಕಡೆ ಇಟ್ಟು "ಹೂಂ, ಹೂಂ," ಅಂದರು. ಚೀಲದ ಅಂಚು ಸವರಿ ನೋಡಿ, "ಹೊಲ್ಯಾಕ ಬಂತಲ್ಲಬೇ ನಿನಗ," ಎಂದು ನನ್ನ ಕೆನ್ನೆ ಮುಟ್ಟಿದರು.

ಮನೆಗೆ ಬಂದ ಮೇಲೆ ಒಂದು ವಿಚಾರ ಬಂತು. ರೊಟ್ಟಿ ತಂದು ನನಗೆ ಉಣಿಸುವುದು ಒಂದು. ನನ್ನ ಮನೆಯಲ್ಲಿ ಹೆಚ್ಚಿದ್ದನ್ನು ತಮ್ಮ ಮನೆಯ ಒಲೆಯ ಮೇಲೆ ಇಡುವುದು ಇನ್ನೊಂದು. ಇಡಲಿಕ್ಕಿಲ್ಲ. ಬೇಕರಿಯವರಂತೆ ಎಲ್ಲೋ ಮೊಳೆಗೆ ತೂಗುಹಾಕುತ್ತಾರೆ. ಹಾಕಲಿ, ಅದಕ್ಕೇನು, ಅವರು ಮಾಡಿದ್ದು ಕಡಿಮೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಇಳಿಹೊತ್ತಿನಲ್ಲಿ ಆಯಿ ತಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ನನ್ನನ್ನು ಕೂಗಿದರು. "ಏ ತಂಗೀ! ಬಾ ಇಲ್ಲೆ!"

ಏನಾಯಿತೋ ಎಂದು ತಂಗಿಯೂ ನಾನೂ ಓಡಿದೆವು. ನಾನು ರೂಢಿಯಂತೆ ಕಟ್ಟೆಯ ಹತ್ತಿರ ನಿಂತೆ.

"ನಿನ್ನ ಕಷಾಯ ಭಾಳ ಛಲೋ ಆಗಿತ್ತಬೇ! ಒಂದೀಟ ಬೆಲ್ಲ ಹಾಕಿ ಕುಡದ್ನಿ. ರಾತ್ರಿ ಕೆಮ್ಮ ಬರಲೇ ಇಲ್ಲ."

ತಂಗಿಗೆ ತಡೆಯಲಾಗಲಿಲ್ಲ. "ಅಯ್ಯ ಆಯೀ, ಅದು ಕುಡಿಯೂದಲ್ರಿ! ಮೂಸೂದರಿ!"

"ಮೂಸೂದೇನು?" ಆಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟೆಲ್ಲಾ ಹಾಕಿ ಕುದಿಸಿ, ಮೂಸಿ ಚೆಲ್ಲೂದೇನು? ನಮ್ಮ ಮನ್ಯಾಗ ಎಲ್ಲಾರೂ ಕುಡದೇವಿ. ಹಿರೇ ಸೊಸಿ ಅಂತೂ ಎರಡ ಸರ್ತಿ ಕುಡದ್ಲು. ಹುಡುಗೂರು ಹಣ್ಣಿನ ಬಿಲ್ಲಿನೂ ತಿಂದ್ವು."

ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ನಗಲಾಗಲಿಲ್ಲ. ನನ್ನ ಕೈಯಲ್ಲಿ ಹೆಚ್ಚಿದ, ನಾನು ಮುಟ್ಟಿ ಆರಿಸಿ ತುಂಬಿದ ಒಂದೊಂದು ಚೂರೂ ಕಣ್ಣ ಮುಂದೆ ಬಂತು. ಮನೆಯವರೆಲ್ಲ ಕುಡಿದಿದ್ದರು. ಯಾರೂ ಒಂದು ಕ್ಷಣ ವಿಚಾರ ಮಾಡಿರಲಿಲ್ಲ. ವಿಚಾರ ಮಾಡಿದವಳು ನಾನೊಬ್ಬಳೇ.

"ಅಲ್ಲೇ ಯಾಕ ನಿಂತಿ? ಒಳಗ ಬಾ," ಅಂದರು ಆಯಿ. "ಇನ್ನೊಂದ ಸರ್ತಿ ಕುದಿಯಾಕ ಇಟ್ಟೇನಿ. ರುಚಿ ಬರತೈತೋ ಇಲ್ಲೋ ನೋಡು ಬಾ."

ನಾನು ಆ ಮನೆಯ ಒಳಗೆ ಹೋದೆ. ಪಡಸಾಲೆ ದಾಟಿ, ಜೋಳದ ಚೀಲಗಳ ಸಾಲು ದಾಟಿ ಅಡುಗೆಮನೆ. ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು, ಬಿಲ್ಲೆಗಳು ಉಬ್ಬಿ ತಿರುಗುತ್ತಿದ್ದವು. ತಂಗಿಯ ಮಾತು ಸುಳ್ಳಾಗಿರಲಿಲ್ಲ. ಮನೆಯೆಲ್ಲ ಸಂತ್ರಾ, ಲವಂಗದ ವಾಸನೆ ತುಂಬಿತ್ತು. ಆಯಿ ಬೆಲ್ಲ ಕುಟ್ಟಿ ಹಾಕಿ, ಸೋಸಿ, ಮೊದಲ ಲೋಟ ನನ್ನ ಬಲಗೈಗೇ ಕೊಟ್ಟರು. ಬಿಸಿ ಲೋಟವನ್ನು ಆ ಕೈಯಲ್ಲಿ ಬೀಳಿಸದೆ ಹಿಡಿದದ್ದೂ ಅವತ್ತೇ ಮೊದಲು. ಎಲ್ಲರೂ ನೆಲದ ಮೇಲೆ ಕೂತು ಕುಡಿದೆವು. ತಂಗಿಯೂ ಕುಡಿದು, ಬೆಲ್ಲ ಇನ್ನೊಂದು ಸ್ವಲ್ಪ ಬೇಕೆಂದಳು.

ಸಂಜೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಮೇಜಿನ ಮೇಲೆ ಉಳಿದಿದ್ದ ಒಂದು ಬಿಲ್ಲೆ ತೆಗೆದು ಮೂಸಿ ನೋಡಿದರು. ಆಮೇಲೆ, "ಮುಂದಿನ ಸರ್ತಿ ಚೀಲದಾಗ ಒಂದ ಬೆಲ್ಲದ ತುಂಡೂ ಹಾಕಿ ಕೊಡು," ಅಂದರು. ಅವರು ಹಿಂದೆಂದೂ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ನನಗೆ ನೆನಪಿಲ್ಲ.

ಚಚಡಿಯ ಮದುವೆಯ ಜಂಪರುಗಳನ್ನು ಹೊಲಿದುಕೊಟ್ಟೆ. ಮೊದಲಿನ ಚುರುಕು ಇರಲಿಲ್ಲ, ಒಂದಕ್ಕೆ ಎರಡು ದಿನ ಹಿಡಿಯಿತು. ಆದರೆ ಹೊಲಿಗೆ ನೆಟ್ಟಗೆ ಬಂತು. ಒಯ್ಯಲು ಬಂದ ತಾಯಿಗೂ ಒಂದು ಚೀಲ ಕೊಟ್ಟೆ. ಕುಡಿಯಿರಿ, ಇಲ್ಲವೆ ಮೂಸಿರಿ, ನಿಮ್ಮ ಇಷ್ಟ ಅಂದೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ, ಥಂಡಿ ಬಿದ್ದರೆ ಸೆಳೆಯುತ್ತದೆ; ಅದು ಹಾಗೇ ಇರುತ್ತದೆ ಅಂದಿದ್ದಾರೆ ಡಾಕ್ಟರು. ಇರಲಿ. ಈ ಕೈ ಮುರಿಯದಿದ್ದರೆ ಯಾರ ಕೈಯ ತುತ್ತು ಎಂಥದ್ದು ಎಂದು ನನಗೆ ತಿಳಿಯುತ್ತಿರಲಿಲ್ಲ.

ಈ ವರ್ಷ ಮತ್ತೆ ಸಂತ್ರಾ ಬಂದಿದೆ. ಆಯಿ ಮಧ್ಯಾಹ್ನದ ಊಟ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತು, ನಾನು ಹೆಚ್ಚಿಟ್ಟ ಬಿಲ್ಲೆಗಳಿಂದ ಬೀಜ ತೆಗೆಯುತ್ತಾರೆ. ತೆಗೆಯುತ್ತ ತಮ್ಮ ತವರಿನ ಸುದ್ದಿ, ಸೊಸೆಯರ ಸುದ್ದಿ, ಹೊಲದ ಸುದ್ದಿ ಹೇಳುತ್ತಿರುತ್ತಾರೆ. ಮಶೀನಿನ ಸದ್ದಿಗೆ ಅರ್ಧ ಮಾತು ನನಗೆ ಕೇಳಿಸುವುದಿಲ್ಲ. ಆಗ ಕಾಲು ನಿಲ್ಲಿಸಿ, "ಏನಂದ್ರಿ ಆಯಿ?" ಅನ್ನುತ್ತೇನೆ. ಅವರು ಮೊದಲಿನಿಂದ ಮತ್ತೆ ಹೇಳುತ್ತಾರೆ.